ಶವಪೆಟ್ಟಿಗೆಗೆ ಬಿದ್ದ ಶಿಳ್ಳೆ: ಟೌನ್‌ಶಿಪ್ ರೌಡಿ ಸಿನಿಮಾ ಒಂದರ ಪ್ರಕರಣ ಅಧ್ಯಯನ

ಹೀರೋ ಸತ್ತು ಶವಪೆಟ್ಟಿಗೆ ತೆರೆ ಮೇಲೆ ಬಂದಾಗ ಜನ ಅಳುತ್ತಾರೆ ಅಂದುಕೊಂಡಿದ್ದೆವು. ಹಾಲ್ ತುಂಬಾ ಶಿಳ್ಳೆ ಬಿತ್ತು. ಹಿಂದಿನ ಸಾಲಿನ ಹುಡುಗರು ಕುರ್ಚಿ ಹತ್ತಿ ನಿಂತರು. ಮುಂದೆ ಕೂತಿದ್ದ, ಹೀರೋ ಪಾತ್ರ ಮಾಡಿದವರ ಹೆತ್ತ ತಾಯಿ ಎದ್ದು, ಭುಜದ ಮೇಲಿನ ಕಂಬಳಿ ಸರಿ ಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು.

ಜೋಹಾನ್ಸ್‌ಬರ್ಗ್‌ಗೆ ನಾನು ಹೋಗಿದ್ದು ಸಾಫ್ಟ್‌ವೇರ್ ಕೆಲಸಕ್ಕೆ. ಎಡಿಟಿಂಗ್ ಹುಚ್ಚು ಕಾಲೇಜಿನಿಂದಲೇ ಇತ್ತು. ನಗರದ ಪೂರ್ವಕ್ಕಿರುವ ಒಂದು ಟೌನ್‌ಶಿಪ್‌ನ ಸಮುದಾಯ ಭವನದಲ್ಲಿ ಶನಿವಾರ, ಭಾನುವಾರ ಹುಡುಗರಿಗೆ ಎಡಿಟಿಂಗ್ ಹೇಳಿಕೊಡುತ್ತಿದ್ದೆ. 2012ರ ಕೊನೆಯಿಂದ ಮುಂದಿನ ವರ್ಷದ ನಡುವಿನ ತನಕ ಅಲ್ಲಿ ನಡೆದದ್ದು ಇದು. ಜಾಗ, ಜನ, ಸಿನಿಮಾ ಯಾವುದರ ಹೆಸರನ್ನೂ ಹೇಳಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಕಡಿಮೆ ದುಡ್ಡಿನಲ್ಲಿ ತಮ್ಮ ಬೀದಿಯ ಕಥೆಯನ್ನೇ ಸಿನಿಮಾ ಮಾಡಲು ಹೊರಟವರಿಗೆ ನಮ್ಮ ಎಡವಟ್ಟುಗಳು ಉಪಯೋಗಕ್ಕೆ ಬರಬಹುದು.

ಹಿನ್ನೆಲೆ

ಟೌನ್‌ಶಿಪ್ ಅಂದರೆ ನಮಗೆ ಗೇಟು, ಪಾರ್ಕು, ಸೆಕ್ಯುರಿಟಿ ಇರುವ ಬಡಾವಣೆ ನೆನಪಾಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಅದರ ಅರ್ಥ ತಲೆಕೆಳಗು. ವರ್ಣಭೇದದ ಸರ್ಕಾರ ಕಪ್ಪು ಜನರನ್ನು ಊರಿನಿಂದ ಹೊರಗಿಡಲು ಕಟ್ಟಿದ ಬಡಾವಣೆಗಳವು. ಸಾಲು ಸಾಲು ಪುಟ್ಟ ಮನೆ, ಹಿತ್ತಲಲ್ಲಿ ತಗಡಿನ ಶೆಡ್ಡು. ಅಲ್ಲಿಯವರು ಪ್ರೀತಿಯಿಂದ ಕರೆಯುವುದು 'ಕಾಸಿ' ಅಂತ.

ರೌಡಿಗೂ ಸಿನಿಮಾಗೂ ಅಲ್ಲಿ ಹಳೇ ನಂಟು. ಜೋಹಾನ್ಸ್‌ಬರ್ಗ್‌ನ ಸೋಫಿಯಾಟೌನ್‌ನಲ್ಲಿ 1950ರ ಆಸುಪಾಸಿನಲ್ಲಿ 'ದಿ ಸ್ಟ್ರೀಟ್ ವಿತ್ ನೋ ನೇಮ್' ಅನ್ನೋ ಹಾಲಿವುಡ್ ಸಿನಿಮಾ ಓಡಿತು. 1948ರ ಚಿತ್ರ, ಎಫ್‌ಬಿಐ ಪೊಲೀಸರ ಸಾಹಸದ ಕಥೆ. ಆದರೆ ಅಲ್ಲಿಯ ಹುಡುಗರು ಎದೆಗೆ ಹಾಕಿಕೊಂಡಿದ್ದು ರಿಚರ್ಡ್ ವಿಡ್‌ಮಾರ್ಕ್ ಮಾಡಿದ ವಿಲನ್‌ನನ್ನು. ಅವನ ಉದ್ದನೆ ಕೋಟು, ಮೂಗಿಗೆ ಇನ್‌ಹೇಲರ್ ಹಿಡಿಯುವ ರೀತಿ, ಸೇಬು ಕಚ್ಚುವ ರೀತಿ ಬೀದಿಗೆ ಬಂತು. ಅವನು ಕೊನೆಗೆ ಗುಂಡೇಟು ತಿಂದು ಸಾಯುತ್ತಾನೆ. ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. 1955ರಲ್ಲಿ ಸರ್ಕಾರ ಸೋಫಿಯಾಟೌನ್ ಒಡೆಯಲು ಶುರು ಮಾಡಿ ಜನರನ್ನು ಲಾರಿಗಳಲ್ಲಿ ಸೊವೆಟೊ ಟೌನ್‌ಶಿಪ್‌ನ ಮೆಡೊಲ್ಯಾಂಡ್ಸ್‌ಗೆ ಸಾಗಿಸಿತು. ಕೋಟು, ಟೋಪಿ, ಅಡ್ಡಹೆಸರುಗಳೂ ಅವರ ಜೊತೆ ಹೋದವು.

ಸರ್ಕಾರಕ್ಕೂ ಇಂಥ ಸಿನಿಮಾ ಬಗ್ಗೆ ವಿಚಿತ್ರ ಲೆಕ್ಕಾಚಾರ ಇತ್ತು. 1973ರಲ್ಲಿ 'ಜೋ ಬುಲೆಟ್' ಚಿತ್ರದಲ್ಲಿ ಕಪ್ಪು ಹೀರೋ ಗನ್ ಹಿಡಿದ. ಸೊವೆಟೊದ ಎಯೆತು ಟಾಕೀಸಿನಲ್ಲಿ ಎರಡು ಆಟ ಆದ ಮೇಲೆ ನಿಷೇಧ ಬಿತ್ತು. 1988ರ 'ಮಾಪಾಂಟ್ಸುಲಾ' ತಂಡದವರು ಇದನ್ನೇ ತಿರುಗಿಸಿ ಆಡಿದರು. ಬರೀ ಗ್ಯಾಂಗ್‌ಸ್ಟರ್ ಕಥೆ ಅಂತ ಅಧಿಕಾರಿಗಳಿಗೆ ಒಂದು ಸ್ಕ್ರಿಪ್ಟ್ ತೋರಿಸಿ, ಒಳಗೆ ವರ್ಣಭೇದದ ವಿರುದ್ಧದ ಸಿನಿಮಾ ಮಾಡಿಕೊಂಡರು. ಜೇಬುಗಳ್ಳನ ಕಥೆಯಿಂದ ರಾಜ್ಯಕ್ಕೇನು ಅಪಾಯ ಅಂದುಕೊಂಡರೇನೋ! ಆಮೇಲೆ 2005ರಲ್ಲಿ 'ತ್ಸೊತ್ಸಿ' ಬಂತು, ಮುಂದಿನ ವರ್ಷ ಆಸ್ಕರ್ ಹೊಡೆಯಿತು. ಅದರ ಹುಡುಗ ಕೊನೆಗೆ ಕೈ ಮೇಲೆತ್ತಿ ಶರಣಾಗುತ್ತಾನೆ. ಡಿವಿಡಿಯಲ್ಲಿ ಬೇರೆ ಕ್ಲೈಮ್ಯಾಕ್ಸ್‌ಗಳನ್ನೂ ಹಾಕಿದ್ದರು. ಕೊನೆ ಹೇಗಿರಬೇಕು ಅನ್ನೋ ತಲೆನೋವು ಆಸ್ಕರ್ ತಂದವರಿಗೂ ಇತ್ತು ಅಂತಾಯ್ತು.

ನಮ್ಮ ಕ್ಲಾಸಿನ ಎಂಟು ಮಂದಿಯೂ ಇಂಥ ರೌಡಿ ಸಿನಿಮಾ ನೋಡಿಯೇ ಬೆಳೆದವರು. ಎಲ್ಲರೂ ಇಪ್ಪತ್ತು ಇಪ್ಪತ್ತೈದರ ಒಳಗಿನವರು. ಒಬ್ಬನನ್ನು ಡೈರೆಕ್ಟರ್ ಅಂತ ಕರೆಯುತ್ತೇನೆ, ಒಬ್ಬಳನ್ನು ಕ್ಯಾಮೆರಾ ಹುಡುಗಿ ಅಂತ.

ಮೊದಲ ತೀರ್ಮಾನ, ಮೊದಲ ತಪ್ಪು

ಕ್ಯಾಮೆರಾ ಕೊಟ್ಟ ಸಂಸ್ಥೆಗೆ ಸಂದೇಶದ ಸಿನಿಮಾ ಬೇಕಿತ್ತು. ಏಡ್ಸ್, ಇಲ್ಲ ಡ್ರಗ್ಸ್. ಡೈರೆಕ್ಟರ್ ಸುತರಾಂ ಒಪ್ಪಲಿಲ್ಲ. "ಅದನ್ನು ಕ್ಲಿನಿಕ್‌ನಲ್ಲಿ ಕ್ಯೂ ನಿಂತಾಗ ಎಲ್ಲರೂ ನೋಡಿದ್ದಾರೆ ಸಾರ್. ದುಡ್ಡು ಕೊಟ್ಟು ಯಾರು ನೋಡ್ತಾರೆ?" ಅಂದ. ಅವನಿಗೆ ರೌಡಿ ಸಿನಿಮಾ ಬೇಕು, ಕಾರು ಬೇಕು, ಗನ್ ಬೇಕು.

ಮೂರು ವಾರ ಎಳೆದಾಡಿ ಒಂದು ರಾಜಿ ಆಯಿತು. ರೌಡಿ ಸಿನಿಮಾ ಮಾಡಿ, ಆದರೆ ಹೀರೋ ಕೊನೆಗೆ ಸಾಯಬೇಕು. ಆ ಸೂತ್ರ ಹೇಳಿದವನು ನಾನೇ. ಕೆಟ್ಟವನು ಸತ್ತರೆ ಪಾಠ ಆಯ್ತಲ್ಲ ಅಂತ ಸುಮ್ನೆ ನಂಬಿಕೊಂಡಿದ್ದೆ. ಸೋಫಿಯಾಟೌನ್ ಕಥೆ ನನಗೆ ಆಗಲೂ ಗೊತ್ತಿತ್ತು. ನಮ್ಮ ವಿಷಯಕ್ಕೂ ಅದು ಅನ್ವಯಿಸುತ್ತದೆ ಅಂತ ಹೊಳೆಯಲಿಲ್ಲ, ಅಷ್ಟೆ.

ಕಥೆ ಸರಳ. ಕಾರು ಕದಿಯುವವನೊಬ್ಬ ಜೈಲಿಂದ ಬರುತ್ತಾನೆ, ಕೆಲಸ ಸಿಗಲ್ಲ, ಹಳೇ ಗೆಳೆಯರು ಕರೆಯುತ್ತಾರೆ, ಹೋಗುತ್ತಾನೆ, ಸಾಯುತ್ತಾನೆ. ಹೀರೋ ಆಗಿ ಸಿಕ್ಕಿದ್ದು ನಿಜಕ್ಕೂ ಕಾರು ಕದ್ದು ಆರು ವರ್ಷ ಜೈಲಲ್ಲಿದ್ದು ಬಂದವರು, ಮೂವತ್ತು ದಾಟಿದವರು. ಹುಡುಗರೆಲ್ಲ ಅವರನ್ನು 'ಭುತಿ' ಅನ್ನುತ್ತಿದ್ದರು, ಅಣ್ಣ ಅಂದ ಹಾಗೆ. ನಾನೂ ಹಾಗೇ ಕರೆದೆ. ಇದರಲ್ಲಿ ನನಗೆ ಹೊಸದೇನೂ ಕಾಣಲಿಲ್ಲ. 1995ರ 'ಓಂ'ನಲ್ಲಿ ಉಪೇಂದ್ರ ಬೆಂಗಳೂರಿನ ಭೂಗತ ಲೋಕದವರನ್ನೇ ಕರೆತಂದು ನಿಲ್ಲಿಸಿದ್ದನ್ನು ನೋಡಿ ಬೆಳೆದವನು ನಾನು. ಅಸಲಿ ಮುಖ ಇದ್ದರೆ ಸಿನಿಮಾಗೆ ತೂಕ ಬರುತ್ತದೆ ಅಂತ ಖುಷಿಯಾಗಿದ್ದೆ. ಆ ಮುಖದವರಿಗೆ ಏನಾಗುತ್ತದೆ ಅಂತ ಯಾರೂ ಕೇಳಲಿಲ್ಲ, ನಾನಂತೂ ಕೇಳಲೇ ಇಲ್ಲ.

ಒಟ್ಟು ಖರ್ಚು ಹತ್ತಿರ ಹತ್ತಿರ 40,000 ರ‍್ಯಾಂಡ್, ಅಂದರೆ ಆಗಿನ ಲೆಕ್ಕಕ್ಕೆ ಎರಡೂವರೆ ಲಕ್ಷ ರೂಪಾಯಿಯೊಳಗೆ. ಸ್ವಲ್ಪ ಸಂಸ್ಥೆಯದು. ಸ್ವಲ್ಪ ಡೈರೆಕ್ಟರ್ ತಾಯಿಯ 'ಸ್ಟಾಕ್‌ವೆಲ್'ನಿಂದ. ಅದು ನಮ್ಮ ಚೀಟಿ ವ್ಯವಹಾರದಂಥದ್ದೇ. ಬಾರಿನವರೊಬ್ಬರು ದುಡ್ಡು ಕೊಟ್ಟರು, ಅವರ ಬೋರ್ಡು ಮೂರು ಸೀನಿನಲ್ಲಿ ಕಾಣಬೇಕು ಅನ್ನೋ ಷರತ್ತಿನ ಮೇಲೆ. ಪರಿಚಯದವರೊಬ್ಬರು ಕೆಂಪು 'ಗುಷೆಶೆ'ಯನ್ನು ಎರಡು ಭಾನುವಾರಕ್ಕೆ ಬಿಟ್ಟುಕೊಟ್ಟರು. ಬಿಎಂಡಬ್ಲ್ಯೂ 325 ಹಳೇ ಮಾಡೆಲ್‌ಗೆ ಅಲ್ಲಿಯ ಹೆಸರು ಅದು. ಟೈರ್ ಸುಟ್ಟು ಹೊಗೆ ಎಬ್ಬಿಸಿ ಗಿರಗಿರ ತಿರುಗಿಸಲು ಅದಕ್ಕಿಂತ ಕಾರಿಲ್ಲ ಅನ್ನುತ್ತಾರೆ.

ಮೂಲೆ ಅಂಗಡಿಯ ಮುಂದೆ

ಒಂದು ಭಾನುವಾರ ಬೆಳಿಗ್ಗೆ ಏಳು ಗಂಟೆ. ಮೂಲೆ ಅಂಗಡಿ ದೋಚುವ ಸೀನ್. ಇಂಥ ಅಂಗಡಿಗೆ ಅಲ್ಲಿ 'ಸ್ಪಾಜಾ' ಅನ್ನುತ್ತಾರೆ. ಆಟಿಕೆ ಗನ್‌ಗಳ ತುದಿಯ ಕಿತ್ತಳೆ ಬಣ್ಣದ ಮೇಲೆ ಹುಡುಗರು ಕಪ್ಪು ಪೇಂಟ್ ಬಳಿದಿದ್ದರು. ನೈಜವಾಗಿ ಬರಲಿ ಅಂತ ಕ್ಯಾಮೆರಾವನ್ನು ಎದುರು ಮನೆಯ ತಗಡಿನ ಮೇಲೆ ಇಟ್ಟಿದ್ದೆವು. ಅಂಗಡಿಯವರಿಗೆ ಹೇಳಿದ್ದೆವು. ಪಕ್ಕದವರಿಗೆ ಹೇಳಿರಲಿಲ್ಲ.

ಭುತಿ ಗನ್ ಎತ್ತಿ ಒಳಗೆ ನುಗ್ಗುವಷ್ಟರಲ್ಲಿ ಪಕ್ಕದ ಮನೆಯ ಬಾಗಿಲು ತೆರೆಯಿತು. ಬನಿಯನ್ ಹಾಕಿದ ವಯಸ್ಸಾದವರೊಬ್ಬರು ನಿಜವಾದ ಪಿಸ್ತೂಲು ಹಿಡಿದು ನಿಂತಿದ್ದರು. ಕ್ಯಾಮೆರಾ ಹುಡುಗಿ ತಗಡಿನ ಮೇಲಿಂದ "ಸಿನಿಮಾ, ಸಿನಿಮಾ" ಅಂತ ಕಿರುಚಿದಳು. ನಾನು ಗೋಡೆಗೆ ಅಂಟಿಕೊಂಡಿದ್ದೆ, ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಭುತಿ ಮಾತ್ರ ಕೂಗಲೂ ಇಲ್ಲ, ಓಡಲೂ ಇಲ್ಲ. ಆಟಿಕೆಯನ್ನು ದೂರ ಎಸೆದು, ಮುಖ ನೆಲಕ್ಕೆ ಹಾಕಿ ಮಲಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಯಾರೂ ಹೇಳಿರಲಿಲ್ಲ. ಎಷ್ಟು ಸಲ ಮಾಡಿ ಅಭ್ಯಾಸವಾಗಿತ್ತೋ.

ಗುಂಡು ಹಾರಲಿಲ್ಲ. ಆ ಹಿರಿಯರು ಕೂತು ನಡುಗಿದರು, ಆಮೇಲೆ ಬಾಯಿಗೆ ಬಂದ ಹಾಗೆ ಬೈದರು. ಬೈಸಿಕೊಳ್ಳಬೇಕಾದದ್ದೇ.

ಕ್ಯಾಮೆರಾ ಓಡುತ್ತಲೇ ಇತ್ತು. ಸಂಜೆ ಅದನ್ನು ಹಾಕಿ ನೋಡಿದಾಗ ರೂಮಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಇಡೀ ಸಿನಿಮಾದಲ್ಲಿ ಅಷ್ಟು ಸತ್ಯವಾದ ಶಾಟ್ ಇನ್ನೊಂದಿಲ್ಲ. ಡೈರೆಕ್ಟರ್‌ಗೆ ಅದು ಬೇಕೇ ಬೇಕು. ನನಗೂ ಒಳಗೊಳಗೇ ಆಸೆ. ಭುತಿ ಒಂದೇ ಮಾತು ಹೇಳಿದರು: "ಅದು ನಟನೆ ಅಲ್ಲ. ಅದನ್ನು ಮಾರಬೇಡಿ." ಎರಡು ದಿನ ವಾದ ನಡೆಯಿತು. ಕೊನೆಗೆ ಕ್ಯಾಮೆರಾ ಹುಡುಗಿ ಯಾರನ್ನೂ ಕೇಳದೆ ಆ ಫೈಲ್ ಅಳಿಸಿ, ಬೆಳಿಗ್ಗೆ ಬಂದು ಹೇಳಿದಳು. ಆಗ ಸಿಟ್ಟು ಬಂತು. ಈಗ ಯೋಚಿಸಿದರೆ ನಮ್ಮ ತಂಡ ಮಾಡಿದ ಒಳ್ಳೆಯ ತೀರ್ಮಾನಗಳಲ್ಲಿ ಅದೇ ಮೊದಲನೆಯದು.

ಅಲ್ಲಿಂದ ಕೆಲಸದ ರೀತಿ ಬದಲಾಯಿತು. ಶೂಟಿಂಗ್ ಹಿಂದಿನ ದಿನ ಬೀದಿ ಸಮಿತಿಗೂ ಪೊಲೀಸ್ ಠಾಣೆಗೂ ತಿಳಿಸುವುದು, ಎರಡೂ ತುದಿಯಲ್ಲಿ ಕಿತ್ತಳೆ ಜಾಕೆಟ್ ಹಾಕಿದ ಒಬ್ಬೊಬ್ಬರನ್ನು ನಿಲ್ಲಿಸುವುದು. ಗನ್ ಆದಷ್ಟೂ ಫ್ರೇಮಿನಿಂದ ಹೊರಗೆ. ಶಬ್ದ ಕೇಳಿಸಿ, ನೋಡುವವರ ಮುಖ ತೋರಿಸುವುದು. ದುಡ್ಡು ಉಳಿಯಿತು, ಭಯ ಜಾಸ್ತಿ ಆಯಿತು. 26, 27, 28 ಅಂತ ನಂಬರನ್ನೇ ಹೆಸರಾಗಿ ಇಟ್ಟುಕೊಂಡ ಜೈಲಿನ ಗ್ಯಾಂಗುಗಳ ಬಗ್ಗೆ ಅಲ್ಲಿ ಎಲ್ಲರಿಗೂ ಗೊತ್ತು. ಡೈರೆಕ್ಟರ್ ಅವರ ಒಂದು ಕೈಸನ್ನೆ ಸೇರಿಸಿದ್ದ. ಭುತಿ ಅದನ್ನೂ ತೆಗೆಸಿದರು. ಕಾರಣ ಹೇಳಲಿಲ್ಲ, ನಾವೂ ಒತ್ತಾಯಿಸಲಿಲ್ಲ.

ಮೊದಲ ಪ್ರದರ್ಶನ

ಕ್ಲೈಮ್ಯಾಕ್ಸ್‌ಗೆ ಮಾತ್ರ ಯಾರೂ ಕೈ ಹಚ್ಚಲಿಲ್ಲ. ಹೀರೋ ಸಾಯುತ್ತಾನೆ, ಭರ್ಜರಿ ಮೆರವಣಿಗೆ. ಗೆಳೆಯರು ನೆಲಕ್ಕೆ ಬಿಯರ್ ಸುರಿಯುತ್ತಾರೆ, ಗುಷೆಶೆ ಶವಪೆಟ್ಟಿಗೆಯ ಸುತ್ತ ಹೊಗೆ ಎಬ್ಬಿಸಿ ತಿರುಗುತ್ತದೆ, ಆಕಾಶಕ್ಕೆ ಗುಂಡು. ಆ ಸೀನ್ ಎಡಿಟ್ ಮಾಡಿದ್ದು ನಾನೇ. ಕಟ್‌ಗಳನ್ನು ಡ್ರಮ್‌ಗೆ ಕೂರಿಸಿ, ಏನು ಮಾಡಿದೆ ನೋಡು ಅಂತ ಬೀಗಿದ್ದೆ.

ಸಿನಿಮಾಗೆ ಸಿಕ್ಕಿದ್ದು 16 ವರ್ಷ ಮೇಲ್ಪಟ್ಟವರಿಗೆ ಅನ್ನೋ ಪ್ರಮಾಣಪತ್ರ. ಸಮುದಾಯ ಭವನದ ಬಾಗಿಲಲ್ಲಿ ಅದಕ್ಕೆ ಬೆಲೆ ಎಲ್ಲಿ? ಅಕ್ಕಂದಿರ ಸೊಂಟದ ಮೇಲೆ ಮಕ್ಕಳು ಬಂದವು. ಮುನ್ನೂರು ಜನ ಸೇರಿದ್ದರು. ಶವಪೆಟ್ಟಿಗೆ ಬಂದಾಗ ಏನಾಯಿತು ಅಂತ ಮೊದಲೇ ಹೇಳಿದೆ.

ಮುಂದಿನ ಶನಿವಾರ ಭವನದ ಹಿಂದೆ ಐದಾರು ಮಕ್ಕಳು ಆಡುತ್ತಿದ್ದರು. ಮುರಿದ ಬಾಗಿಲ ಹಲಗೆ ಮೇಲೆ ಒಬ್ಬ ಕಣ್ಣು ಮುಚ್ಚಿ ಮಲಗಿದ್ದ. ಇನ್ನೊಬ್ಬ ಹಳೇ ಟೈರ್ ಉರುಳಿಸುತ್ತಾ ಅವನ ಸುತ್ತ ಓಡುತ್ತಿದ್ದ, ಬಾಯಲ್ಲೇ ಎಂಜಿನ್ ಸದ್ದು. ಜಗಳ ನಡೆಯುತ್ತಿದ್ದದ್ದು ಹೆಣ ಯಾರಾಗಬೇಕು ಅಂತ. ಎಲ್ಲರಿಗೂ ಹೆಣವೇ ಆಗಬೇಕು. ಪೊಲೀಸ್ ಆಗಲು ಒಬ್ಬನೂ ತಯಾರಿರಲಿಲ್ಲ.

ಹತ್ತು ದಿನ ಆದ ಮೇಲೆ ಶಾಲೆಯೊಂದರ ಹೆಡ್ಮಾಸ್ಟರು ಬಂದರು. ಹದಿನೈದರ ಹುಡುಗನೊಬ್ಬ ನಮ್ಮ ಹೀರೋನ ಅಡ್ಡಹೆಸರು ಇಟ್ಟುಕೊಂಡು ಚಿಕ್ಕ ಮಕ್ಕಳಿಂದ ಬಸ್ ಚಾರ್ಜು ಕಿತ್ತುಕೊಳ್ಳುತ್ತಿದ್ದಾನೆ ಅನ್ನೋ ದೂರು. ಡೈರೆಕ್ಟರ್ ಉರಿದುಬಿದ್ದ. "ನಮ್ಮ ಸಿನಿಮಾ ಬರೋ ಮೊದಲು ಇಲ್ಲಿ ಕಳ್ಳರೇ ಇರಲಿಲ್ವಾ?" ಅಂದ. ಆ ಹುಡುಗನ ಅಜ್ಜಿಯನ್ನು ನಾವಿಬ್ಬರೂ ಹೋಗಿ ನೋಡಿದೆವು. ಆಕೆ ನೇರವಾಗಿ ಹೇಳಿದರು: ಅವನು ಒಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾನೆ, ಮುಂಚೆ ಹೊಡೆದು ಕಿತ್ತುಕೊಳ್ಳಬೇಕಿತ್ತು, ಈಗ ಹೆಸರು ಹೇಳಿದರೆ ಮಕ್ಕಳೇ ಕೊಡುತ್ತವೆ.

ಸಿನಿಮಾದಿಂದ ಸಮಾಜ ಕೆಡುತ್ತಾ ಇಲ್ವಾ ಅಂತ ಟಿವಿಯಲ್ಲಿ ಗಂಟೆಗಟ್ಟಲೆ ಕಿತ್ತಾಡುತ್ತಾರಲ್ಲ, ಆ ಅಜ್ಜಿಯ ಮಾತಿನಷ್ಟು ನಿಖರವಾದದ್ದನ್ನು ನಾನು ಅಲ್ಲಿ ಕೇಳಿಲ್ಲ. ಅವನನ್ನು ಕಳ್ಳನನ್ನಾಗಿ ಮಾಡಿದ್ದು ನಾವಲ್ಲ. ಅವನ ಕೆಲಸ ಸುಲಭ ಮಾಡಿಕೊಟ್ಟದ್ದಂತೂ ನಾವೇ.

ಎರಡನೇ ಕೊನೆ

ಸಂಸ್ಥೆಯವರು ಸಿನಿಮಾ ನಿಲ್ಲಿಸಿ ಅಂದರು. ಶುರುವಿನಲ್ಲಿ ಒಂದು ಎಚ್ಚರಿಕೆ ಬರಹ ಹಾಕಿದರೆ ಸಾಕು ಅಂತ ನನ್ನ ಸಲಹೆ. ಕ್ಯಾಮೆರಾ ಹುಡುಗಿ ನಕ್ಕಳು. "ಸಾವು ತೋರಿಸಿದ್ದೀವಿ, ಸೋಮವಾರ ತೋರಿಸಿಲ್ಲ" ಅಂದಳು.

ಅವಳ ಮಾತು ಅರ್ಥವಾಗಬೇಕಾದರೆ ಅಲ್ಲಿಯ ಸಾವಿನ ಖರ್ಚು ಗೊತ್ತಿರಬೇಕು. ಸಾಮಾನ್ಯವಾಗಿ ಮಣ್ಣು ಮಾಡುವುದು ಶನಿವಾರ. ಬಾಡಿಗೆ ಟೆಂಟು, ಕುರ್ಚಿ, ದೊಡ್ಡ ಹಂಡೆಗಳು, ದನ ಕಡಿದು ಊರಿಗೆಲ್ಲ ಊಟ. ಆಮೇಲೆ 'ಆಫ್ಟರ್ ಟಿಯರ್ಸ್' ಅಂತ ಕುಡಿತ, ಹಾಡು. ಇದಕ್ಕಾಗಿಯೇ ಹೆಂಗಸರು ತಿಂಗಳು ತಿಂಗಳು ಶವಸಂಸ್ಕಾರದ ಸಂಘಕ್ಕೆ ದುಡ್ಡು ಕಟ್ಟಿರುತ್ತಾರೆ. ಅದೂ ಸಾಲದೆ ಸಾಲ ಮಾಡುವವರಿದ್ದಾರೆ. ಸೋಮವಾರ ಅಂದರೆ ಆ ಲೆಕ್ಕವೆಲ್ಲ ಮನೆ ಬಾಗಿಲಿಗೆ ಬರುವ ದಿನ.

ಮೆರವಣಿಗೆ ಸೀನ್ ಪೂರ್ತಿ ತೆಗೆದೆವು. ಅದರ ಜಾಗಕ್ಕೆ ಆರು ನಿಮಿಷದ ಹೊಸ ಸೀನ್. ಹೀರೋನ ತಾಯಿಯ ಪಾತ್ರಕ್ಕೆ ನಿಜಕ್ಕೂ ಅಂಥ ಸಂಘವೊಂದರ ಖಜಾಂಚಿಯಾಗಿದ್ದ 'ಗೋಗೋ' ಒಬ್ಬರನ್ನು, ಅಂದರೆ ಅಜ್ಜಿಯೊಬ್ಬರನ್ನು ಕರೆತಂದೆವು. ಡೈರೆಕ್ಟರ್ ಬರೆದ ಡೈಲಾಗ್ ಅವರು ಓದಲೇ ಇಲ್ಲ. ತಮ್ಮದೇ ಲೆಕ್ಕದ ಪುಸ್ತಕ ತಂದಿದ್ದರು, ಸುತ್ತಲೂ ರಬ್ಬರ್ ಬ್ಯಾಂಡ್ ಹಾಕಿದ್ದು. ಮೇಜಿನ ಮೇಲೆ ಚಿಲ್ಲರೆ ಸುರಿದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಎಣಿಸಿದರು. ಟೆಂಟಿನವನು ಬಂದು ಎರಡು ಕುರ್ಚಿ ಕಮ್ಮಿ ಇದೆ, ದುಡ್ಡು ಕೊಡಿ ಅನ್ನುತ್ತಾನೆ. ಇದ್ದದ್ದು ಇಷ್ಟೇ ಸ್ಕ್ರಿಪ್ಟು. ಗೋಗೋ ತಲೆ ಎತ್ತಿ ಅವನನ್ನು ನೋಡಿ, ಮತ್ತೆ ಮೊದಲಿಂದ ಎಣಿಸಲು ಶುರು ಮಾಡಿದರು. ನಾವು ಕಟ್ ಹೇಳುವುದನ್ನೇ ಮರೆತೆವು. ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಖರ್ಚು 1,100 ರ‍್ಯಾಂಡ್, ಮುಕ್ಕಾಲು ಪಾಲು ಊಟಕ್ಕೆ.

ಎರಡನೇ ಪ್ರದರ್ಶನಕ್ಕೆ ನೂರು ಜನ ಬಂದಿದ್ದರೆ ಹೆಚ್ಚು. ಶಿಳ್ಳೆ ಇಲ್ಲ. ಹಿಂದಿನ ಸಾಲಿನ ಹುಡುಗರು ಮೊಬೈಲ್ ನೋಡುತ್ತಾ ಕೂತರು, ಮೂರ್ನಾಲ್ಕು ಜನ ಎದ್ದು ಹೋದರು. ಮುಗಿದ ಮೇಲೆ ಹೆಂಗಸರು ಏಳಲಿಲ್ಲ. ಮಗನ ಮಣ್ಣಿನ ಸಾಲ ಎರಡು ವರ್ಷ ತೀರಿಸಿದ್ದನ್ನು ಒಬ್ಬರು ಹೇಳಿದರು. ಆಫ್ಟರ್ ಟಿಯರ್ಸ್‌ಗೆ ಬಿಯರ್ ಯಾರು ತರಬೇಕು ಅಂತ ಇನ್ನಿಬ್ಬರು ಜೋರಾಗಿಯೇ ಜಗಳವಾಡಿದರು. ಆ ಊರಿನ ನಿಜವಾದ ಟೆಂಟ್ ಬಾಡಿಗೆಯವರು ಎದ್ದು, ನಮ್ಮನ್ನು ಯಾಕೆ ಕೆಟ್ಟವರಾಗಿ ತೋರಿಸಿದ್ದೀರಿ, ಕುರ್ಚಿ ಕಳೆದರೆ ನಮ್ಮ ಜೇಬಿಂದ ಹೋಗುತ್ತೆ ಅಂತ ಪ್ರತಿಭಟಿಸಿದರು. ಒಂದೂವರೆ ಗಂಟೆ ನಡೆಯಿತು. ಡೈರೆಕ್ಟರ್ ಗೋಡೆಗೊರಗಿ ನಿಂತು ಎಲ್ಲ ಕೇಳಿಸಿಕೊಂಡ.

ನಮಗೆ ಗೆದ್ದೆವು ಅನ್ನಿಸಿತು. ಅದು ನಾಲ್ಕೇ ದಿನ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಮ್ಮ ಸಿನಿಮಾದ ಡಿವಿಡಿ 10 ರ‍್ಯಾಂಡ್‌ಗೆ ಮಾರಾಟವಾಗುತ್ತಿತ್ತು. ಹಳೇ ಕೊನೆಯ ಪ್ರತಿ. ಮುಖಪುಟದಲ್ಲಿ ಹೊಗೆ, ಕೆಂಪು ಕಾರು, ಶವಪೆಟ್ಟಿಗೆ. ಹಾರ್ಡ್ ಡಿಸ್ಕಿನಿಂದ ಯಾರು ಎತ್ತಿಕೊಟ್ಟರು ಅಂತ ನನಗೆ ಗೊತ್ತು, ಅವನಿಗೆ ಆಗ ಮನೆ ಬಾಡಿಗೆ ಕಟ್ಟಬೇಕಿತ್ತು. ಎರಡನೇ ಪ್ರತಿಯನ್ನೂ ಅದೇ ವ್ಯಾಪಾರಿಗೆ ಪುಕ್ಕಟೆ ಕೊಟ್ಟು ನೋಡಿದೆವು. ಮಾರಾಟ ಆಗಲ್ಲ ಅಂತ ಮೂರೇ ದಿನಕ್ಕೆ ವಾಪಸ್ ಕೊಟ್ಟ.

ಏನು ಉಳಿಯಿತು

ಹೀರೋ ಸತ್ತರೆ ಸಾಕು ಅನ್ನೋ ನನ್ನ ಸೂತ್ರದ ಹುಳುಕು ಇಷ್ಟೇ: ಎಲ್ಲರ ಕಣ್ಣು ನಿಮ್ಮ ಮೇಲಿರುವ ಸಾವು ಹುಡುಗರಿಗೆ ಶಿಕ್ಷೆಯಾಗಿ ಕಾಣಲ್ಲ. ಅದು ಸನ್ಮಾನ. ನಾನು ಡ್ರಮ್ ಹಾಕಿ ಆ ಸನ್ಮಾನವನ್ನು ಇನ್ನಷ್ಟು ದೊಡ್ಡದು ಮಾಡಿದ್ದೆ. ಸ್ಕ್ರಿಪ್ಟನ್ನು ಮೊದಲೇ ಸಂಘದ ಹೆಂಗಸರ ಮುಂದೆ ಓದಿದ್ದರೆ ಇದು ಅವತ್ತೇ ಗೊತ್ತಾಗುತ್ತಿತ್ತು. ನಾವು ತೋರಿಸಿದ್ದು ಸಂಸ್ಥೆಗೆ, ಬಾರಿನವರಿಗೆ, ಗೆಳೆಯರಿಗೆ. ಮಣ್ಣಿನ ಖರ್ಚು ಕಟ್ಟಿದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಮೊದಲ ಪ್ರತಿ ಹೊರಗೆ ಹೋದ ಮೇಲೆ ತಿದ್ದಿದ ಪ್ರತಿ ಅದನ್ನು ಬೆನ್ನಟ್ಟಿ ಹಿಡಿಯಲ್ಲ ಅನ್ನುವುದನ್ನೂ ಕಲಿತೆ. ಹಾರ್ಡ್ ಡಿಸ್ಕ್‌ಗೆ ಬೀಗ ಹಾಕಿ ಅಂತ ಈಗ ಹೇಳಿಕೊಡುವ ಎಲ್ಲ ಕ್ಲಾಸಿನಲ್ಲೂ ಮೊದಲ ದಿನವೇ ಹೇಳುತ್ತೇನೆ.

ಸಿನಿಮಾ ಮಾಡಿದವರ ಮೇಲೆ ಆದ ಪರಿಣಾಮವನ್ನು ಮಾತ್ರ ಯಾರೂ ಅಳೆಯಲಿಲ್ಲ. ಕ್ಯಾಮೆರಾ ಹುಡುಗಿಗೆ ಟಿವಿ ಧಾರಾವಾಹಿಯೊಂದರಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಡೈರೆಕ್ಟರ್ ಮದುವೆ ವಿಡಿಯೋ ಮಾಡುತ್ತಾನೆ, ಮಣ್ಣಿನ ವಿಡಿಯೋ ಅದಕ್ಕಿಂತ ಜಾಸ್ತಿ ಮಾಡುತ್ತಾನೆ. ತಮಾಷೆ ಅಲ್ಲ, ಅಲ್ಲಿ ಅದಕ್ಕೆ ಒಳ್ಳೆ ಬೇಡಿಕೆ ಇದೆ.

ಭುತಿಗೆ ಬೀದಿಯಲ್ಲಿ ಅವರ ಹೆಸರೇ ಹೋಯಿತು. ಎಲ್ಲರೂ ಪಾತ್ರದ ಹೆಸರಲ್ಲೇ ಕರೆಯುತ್ತಾರೆ. ಪೊಲೀಸರು ಎರಡು ಸಲ ನಿಲ್ಲಿಸಿ ಸೆಲ್ಫಿ ತೆಗೆಸಿಕೊಂಡರು, ಒಂದು ಸಲ ಜೇಬು ತಡಕಿದರು. ನಾನು ಬೆಂಗಳೂರಿಗೆ ವಾಪಸ್ ಬಂದ ಎರಡನೇ ವರ್ಷ ಅವರ ಫೋನ್ ಬಂತು. ಇನ್ನೊಂದು ತಂಡದವರು ಕರೆದಿದ್ದಾರೆ, ಮತ್ತೆ ರೌಡಿ ಪಾತ್ರ, ಎಷ್ಟು ಕೇಳಲಿ ಅಂದರು. ನನಗೆ ತೋಚಿದ್ದು ಹೇಳಿದೆ. ಒಂದು ಷರತ್ತು ಹಾಕಿದ್ದೀನಿ ಅಂದರು. ಗುಂಡು ಹೊಡೆಸಿಕೊಳ್ಳುತ್ತಾರಂತೆ, ಬೀಳುತ್ತಾರಂತೆ. ಶವಪೆಟ್ಟಿಗೆಯಲ್ಲಿ ಮಾತ್ರ ಮಲಗಲ್ಲ.

"ಜಾಸ್ತಿ ದುಡ್ಡು ಕೊಟ್ಟರೂ?" ಅಂದೆ.

"ಅಮ್ಮ ಈ ಸಲ ಕೊನೇ ತನಕ ಕೂತು ನೋಡ್ತೀನಿ ಅಂದಿದ್ದಾಳೆ" ಅಂದರು.